ಅಪ್ಪ ಓದಿಸಿದ ಪುಸ್ತಕ, ಮೇಷ್ಟ್ರು ಕೊಟ್ಟ ಪುಸ್ತಕ

ಈ ಸಲ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಒಂದು ಸಣ್ಣ ಜಗಳ ನಡೆದಿತ್ತು. ಅಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಅವನನ್ನು ಕೂರಿಸಿಕೊಂಡು ಮಹಾಭಾರತ ಓದಿಸುತ್ತಾರೆ. ಕನ್ನಡ ಚೆನ್ನಾಗಿ ಬರಲಿ, ನಾಲ್ಕು ಒಳ್ಳೆಯ ಮಾತು ಕಿವಿಗೆ ಬೀಳಲಿ ಅಂತ. ಒಂದು ದಿನ ಏಕಲವ್ಯನ ಕಥೆ ಬಂತು. ಹುಡುಗ ಓದುವುದನ್ನು ನಿಲ್ಲಿಸಿ, ದ್ರೋಣ ಪಾಠವನ್ನೇ ಹೇಳಿಕೊಡಲಿಲ್ಲ, ಮತ್ತೆ ಹೆಬ್ಬೆರಳು ಯಾಕೆ ಕೇಳಿದ ಅಂತ ಕೇಳಿದ. ಗುರುಗಳ ಬಗ್ಗೆ ಹಾಗೆಲ್ಲ ಮಾತಾಡಬಾರದು, ಸುಮ್ಮನೆ ಓದು ಅಂತ ಅಜ್ಜಿ ಗದರಿದರು. ಹುಡುಗ ಪುಸ್ತಕ ಮುಚ್ಚಿಟ್ಟು ಎದ್ದುಹೋದ.

ವಿಷಯ ಭಾವನ ಕಿವಿಗೆ ಬಿತ್ತು. ಈ ಪುರಾಣವೆಲ್ಲ ಮಕ್ಕಳಿಗೆ ಬೇಡವೇ ಬೇಡ, ವಿಜ್ಞಾನದ ಪುಸ್ತಕ ತಂದುಕೊಡುತ್ತೇನೆ ಎಂದರು. ಅಜ್ಜಿ ಊಟ ಬಿಟ್ಟರು. ಕೊನೆಗೆ ಅಕ್ಕ ನನ್ನ ಕಡೆ ತಿರುಗಿ, ನೀನು ಇಂಜಿನಿಯರಿಂಗ್ ಓದುತ್ತಿದ್ದೀಯಲ್ಲ, ನೀನೇ ಹೇಳು, ಧರ್ಮಗ್ರಂಥ ಮಕ್ಕಳಿಗೆ ಓದಿಸಬೇಕಾ ಬೇಡವಾ ಎಂದಳು. ಸರ್ಕ್ಯೂಟ್ ಬಗ್ಗೆ ಕೇಳಿದ್ದರೆ ಏನೋ ಒಂದು ಹೇಳುತ್ತಿದ್ದೆ. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ನಾನು ಹುಡುಕದ ಕಡೆಯಿಂದ. ನನ್ನ ರೂಮ್‌ಮೇಟ್ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾಳೆ. ಅವಳ ಟೇಬಲ್ ಮೇಲಿದ್ದ ಅಂಬೇಡ್ಕರ್ ಅವರ ಜೀವನಚರಿತ್ರೆಯನ್ನು ಬಸ್ಸಿನಲ್ಲಿ ಓದೋಣ ಅಂತ ತಂದಿದ್ದೆ. ನಮ್ಮಂಥವರಿಗೆ ಅಂಬೇಡ್ಕರ್ ಅಂದರೆ ಕರಡು ಸಮಿತಿ, ವಿಧಿ, ಅನುಸೂಚಿ, ಒಂದು ಅಂಕದ ಪ್ರಶ್ನೆ. ಅವರೂ ಒಮ್ಮೆ ಒಂಬತ್ತು ವರ್ಷದ ಹುಡುಗನಾಗಿದ್ದರು, ಸಂಜೆ ಹೊತ್ತು ಅವರ ಮನೆಯಲ್ಲೂ ಇದೇ ಮಹಾಭಾರತದ ಓದು ನಡೆಯುತ್ತಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ಎಂಬ ದಂಡು ಪ್ರದೇಶದಲ್ಲಿ. ಅಪ್ಪ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್, ಸೈನಿಕ ಶಾಲೆಯ ಶಿಕ್ಷಕ. ತಾಯಿ ಭೀಮಾಬಾಯಿ ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಆಮೇಲೆ ಮಕ್ಕಳನ್ನು ನೋಡಿಕೊಂಡವಳು ಸೋದರತ್ತೆ. ರಾಮ್‌ಜಿ ಕಬೀರ ಪಂಥದವರು, ಶಿಸ್ತಿನ ಮನುಷ್ಯ. ರಾತ್ರಿ ಮಲಗುವ ಮೊದಲು ಭೀಮರಾವ್ ಮತ್ತು ಅವನ ಅಣ್ಣ ರಾಮಾಯಣದ, ಮಹಾಭಾರತದ ಒಂದು ಭಾಗವನ್ನು ಗಟ್ಟಿಯಾಗಿ ಓದಲೇಬೇಕಿತ್ತು. ಅಕ್ಕಂದಿರು ಕೇಳುತ್ತಿದ್ದರು. ಕಥೆ ಕೇಳಲೆಂದೇ ಬಂದ ಜನರೂ ಮನೆಯಲ್ಲಿ ಸೇರುತ್ತಿದ್ದರು. ಇದು ಒಂದೆರಡು ದಿನದ ಮಾತಲ್ಲ, ಎಷ್ಟೋ ವರ್ಷ ನಡೆಯಿತು.

ಅದೇ ಹುಡುಗ ಬೆಳಗಾದರೆ ಸತಾರಾದ ಶಾಲೆಗೆ ಹೋಗುತ್ತಿದ್ದ. ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು. ಸಂಜೆ ಅದನ್ನು ವಾಪಸ್ ತರಬೇಕಿತ್ತು, ಏಕೆಂದರೆ ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಇಲ್ಲ. ಕ್ಷೌರಿಕರು ಕೂದಲು ಕತ್ತರಿಸುತ್ತಿರಲಿಲ್ಲ, ಮನೆಯಲ್ಲಿ ದೊಡ್ಡಕ್ಕನೇ ಕತ್ತರಿಸುತ್ತಿದ್ದಳು. ಹಗಲು ಊರು ಈ ಪಾಠ ಕಲಿಸುತ್ತಿತ್ತು. ರಾತ್ರಿ ಅದೇ ಹುಡುಗ ರಾಜರ, ಋಷಿಗಳ ಕಥೆಯನ್ನು ಹತ್ತು ಜನರಿಗೆ ಓದಿ ಹೇಳುತ್ತಿದ್ದ.

ಮುಂದೆ ಸಂಸಾರ ಮುಂಬೈಗೆ ಬಂತು. ಪರೇಲಿನ ಚಾಳಿನಲ್ಲಿ ಒಂದು ಕೋಣೆಯ ಬಾಳು. ಮಗ ಓದಲಿ ಅಂತ ರಾಮ್‌ಜಿ ರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸುತ್ತಿದ್ದರು. ಪುಸ್ತಕ ಕೊಳ್ಳಲು ದುಡ್ಡಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಬಳಿ ಕೈಯೊಡ್ಡುತ್ತಿದ್ದರು. ಹೈಸ್ಕೂಲಿನಲ್ಲಿ ಭೀಮರಾವ್‌ಗೆ ಸಂಸ್ಕೃತ ಕಲಿಯುವ ಆಸೆ. ಅಸ್ಪೃಶ್ಯ ಹುಡುಗನಿಗೆ ಸಂಸ್ಕೃತ ಹೇಳಿಕೊಡಲು ಒಪ್ಪಲಿಲ್ಲ. ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಮುಂದೆ ಸ್ವಂತ ಪ್ರಯತ್ನದಿಂದ ಅವರು ಸಂಸ್ಕೃತ ಕಲಿತರು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕುಳಿತೆ. ಧರ್ಮಗ್ರಂಥವನ್ನು ಮಕ್ಕಳಿಗೆ ಓದಿಸಬೇಕೇ ಅಂತ ನಮ್ಮ ಮನೆಯಲ್ಲಿ ಚರ್ಚೆ. ಇದೇ ದೇಶದಲ್ಲಿ ಎಷ್ಟೋ ಮಕ್ಕಳಿಗೆ ಆ ಭಾಷೆಯ ಬಾಗಿಲೇ ಮುಚ್ಚಿತ್ತು. ನಮ್ಮ ಕಪಾಟಿನಲ್ಲಿ ಆ ಪುಸ್ತಕಗಳು ಮೊದಲಿನಿಂದ ಇವೆ. ಮುಟ್ಟಬೇಡ ಎಂದು ನನಗೆ ಯಾರೂ ಹೇಳಿದ್ದಿಲ್ಲ. ಬೇಕೋ ಬೇಡವೋ ಎಂದು ಕೂತು ಯೋಚಿಸುವುದೂ ಎಲ್ಲರಿಗೂ ಸಿಕ್ಕ ಅವಕಾಶವಲ್ಲ.

ಆ ದಿನಗಳಲ್ಲಿ ಭೀಮರಾವ್ ಚರ್ನಿ ರೋಡ್ ಉದ್ಯಾನದಲ್ಲಿ ಕುಳಿತು ಓದುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರ ಕಣ್ಣು ಅವನ ಮೇಲೆ ಬಿತ್ತು. ಅವನು ಪರೀಕ್ಷೆ ಪಾಸಾದಾಗ ಸಮುದಾಯದವರು ಸಭೆ ಸೇರಿಸಿ ಸಂಭ್ರಮಪಟ್ಟರು. ಆ ಸಭೆಯಲ್ಲಿ ಕೇಳುಸ್ಕರ್ ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಜೀವನಚರಿತ್ರೆಯನ್ನು ಹುಡುಗನ ಕೈಗಿತ್ತರು. ಅದನ್ನು ಓದಿದ ಮೇಲೆ ಅವನಲ್ಲಿ ಒಂದು ಪ್ರಶ್ನೆ ಎದ್ದಿತು. ಇಂಥ ಪುಸ್ತಕವೂ ಇರುವಾಗ ಅಪ್ಪ ನಮಗೆ ಅವನ್ನೇ ಯಾಕೆ ಓದಿಸಿದರು?

ಧೈರ್ಯ ಮಾಡಿ ಅಪ್ಪನನ್ನೇ ಕೇಳಿದ. ಮೇಲಿನವರ ಹಿರಿಮೆಯನ್ನೇ ಹೊಗಳುವ, ನಮ್ಮಂಥವರನ್ನು ಕೀಳಾಗಿ ತೋರಿಸುವ ಗ್ರಂಥ ನಮಗೆ ಯಾಕೆ ಎಂದ. ರಾಮ್‌ಜಿಗೆ ಆ ಪ್ರಶ್ನೆ ಹಿಡಿಸಲಿಲ್ಲ. ನೀವಿನ್ನೂ ಹುಡುಗರು, ಹೇಳಿದಷ್ಟು ಮಾಡಿ ಎಂಬರ್ಥದಲ್ಲಿ ಗದರಿ ಸುಮ್ಮನಾಗಿಸಿದರು. ನಮ್ಮ ಅಜ್ಜಿಯ ಹಾಗೆಯೇ!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತಾಯಿಯಿಲ್ಲದ ಮಗನೆಂದು ಅಪ್ಪನ ಬಳಿ ಅವನಿಗೆ ಸ್ವಲ್ಪ ಸಲುಗೆ ಇತ್ತು. ಕೆಲವು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ಈ ಸಲ ರಾಮ್‌ಜಿ ಉತ್ತರ ಸಿದ್ಧ ಮಾಡಿಕೊಂಡಿದ್ದರು. ಜಗತ್ತು ನಮ್ಮನ್ನು ಕೀಳು ಎನ್ನುತ್ತದೆ, ಅದನ್ನು ಕೇಳಿ ಕೇಳಿ ನಿಮ್ಮ ಮನಸ್ಸು ಕುಗ್ಗಬಾರದು, ಕರ್ಣನನ್ನು ದ್ರೋಣನನ್ನು ನೋಡಿ, ಎಲ್ಲಿದ್ದವರು ಎಲ್ಲಿಗೆ ಏರಿದರು, ರಾಮಾಯಣ ಬರೆದ ವಾಲ್ಮೀಕಿಯೇ ಯಾವ ಕುಲದವನು ಎಂದು ವಿವರಿಸಿದರು. ಮಗನಿಗೆ ಆ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಆದರೂ ಒಪ್ಪಿಗೆಯಾಗಲಿಲ್ಲ. ಭೀಷ್ಮ, ದ್ರೋಣ, ಕೃಷ್ಣ, ರಾಮ ಇವರ ನಡತೆಯಲ್ಲಿ ತನಗೆ ಯಾವುದು ಹಿಡಿಸಲಿಲ್ಲ ಎಂದು ಒಂದೊಂದಾಗಿ ಹೇಳಿಬಿಟ್ಟ. ವಾಲಿಯನ್ನು ಕೊಂದ ರೀತಿ, ಸೀತೆಯನ್ನು ನಡೆಸಿಕೊಂಡ ರೀತಿ, ಎಲ್ಲವನ್ನೂ. ರಾಮ್‌ಜಿ ಮೌನವಾದರು. ಮಗ ತನ್ನ ದಾರಿ ಹಿಡಿದ ಎಂದು ಅವರಿಗೆ ಅರ್ಥವಾಗಿತ್ತು.

ಆ ಮೌನದ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಭಕ್ತಿವಂತ ಅಪ್ಪ, ಮಿಲಿಟರಿ ಶಿಸ್ತು, ಕಾಲ ನೂರು ವರ್ಷಕ್ಕೂ ಹಿಂದಿನದು. ಎದುರಿಗೆ ನಿಂತ ಮಗ ದೇವರನ್ನೇ ಪ್ರಶ್ನಿಸುತ್ತಿದ್ದಾನೆ. ಮೊದಲ ಸಲ ಗದರಿದ್ದ ಮನುಷ್ಯ ಎರಡನೇ ಸಲಕ್ಕೆ ಯೋಚಿಸಿಕೊಂಡು ಬಂದು ಉತ್ತರ ಕೊಟ್ಟರು. ಮೂರನೇ ಮಾತಿಗೆ ಸುಮ್ಮನಾದರು. ನಾನಾಗಿದ್ದರೆ ಅಷ್ಟು ತಾಳ್ಮೆ ಇರುತ್ತಿತ್ತೇ?

ಕೇಳುಸ್ಕರ್ ಅವರ ಪ್ರಯತ್ನದಿಂದ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಭೀಮರಾವ್‌ನ ಕಾಲೇಜು ಓದಿಗೆ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. 1912ರಲ್ಲಿ ಬಿ.ಎ. ಆಯಿತು. 1913ರ ಫೆಬ್ರುವರಿಯಲ್ಲಿ ರಾಮ್‌ಜಿ ತೀರಿಕೊಂಡರು. ಅದೇ ವರ್ಷ ಮಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅದನ್ನು ನೋಡಲು ಅಪ್ಪ ಇರಲಿಲ್ಲ.

ಅಪ್ಪ ಓದಿಸಿದ್ದು ವ್ಯರ್ಥವಾಯಿತೇ? ನನಗೆ ಹಾಗನ್ನಿಸುವುದಿಲ್ಲ. 1920ರಲ್ಲಿ ಅಂಬೇಡ್ಕರ್ ‘ಮೂಕನಾಯಕ’ ಪತ್ರಿಕೆ ಆರಂಭಿಸಿದಾಗ ಅದರ ತಲೆಬರಹದಲ್ಲಿ ಸಂತ ತುಕಾರಾಮರ ಅಭಂಗವಿತ್ತು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅವರ ನೇತೃತ್ವದ ಸಮಾವೇಶದಲ್ಲಿ ಮನುಸ್ಮೃತಿಯನ್ನು ಸುಟ್ಟರು. 1948ರಲ್ಲಿ ಅಸ್ಪೃಶ್ಯರ ಕುರಿತು ಬರೆದ ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳ ಎಂಬ ಮೂವರು ಸಂತರಿಗೆ ಅರ್ಪಿಸಿದರು. ಒಂದನ್ನು ತಲೆಯ ಮೇಲಿಟ್ಟುಕೊಂಡರು, ಇನ್ನೊಂದನ್ನು ಬೆಂಕಿಗೆ ಹಾಕಿದರು. ಯಾವುದು ಮನುಷ್ಯನನ್ನು ಎತ್ತುತ್ತದೆ, ಯಾವುದು ಹುಟ್ಟಿನಿಂದಲೇ ತುಳಿಯುತ್ತದೆ ಎಂದು ಓದಿ ತಿಳಿದವರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಾಗುತ್ತದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅವರು ಬೌದ್ಧ ಧರ್ಮ ಸ್ವೀಕರಿಸಿದರು. ಡಿಸೆಂಬರ್ 6ರಂದು ತೀರಿಕೊಂಡರು. ಬುದ್ಧನ ಬಗ್ಗೆ ಬರೆದ ಕೊನೆಯ ದೊಡ್ಡ ಗ್ರಂಥ ಅಚ್ಚಾಗಿ ಬಂದದ್ದು ಮರುವರ್ಷ. ಅದಕ್ಕಾಗಿ ಬರೆದಿದ್ದ ಮುನ್ನುಡಿಯಲ್ಲೇ ಅವರು ಅಪ್ಪನ ಮನೆಯ ಆ ರಾತ್ರಿಗಳನ್ನು, ಮೇಷ್ಟ್ರು ಕೊಟ್ಟ ಪುಸ್ತಕವನ್ನು ನೆನೆದದ್ದು. ತಾನು ಖಾಲಿ ತಲೆಯಲ್ಲಿ ಬುದ್ಧನ ಬಳಿ ಹೋಗಲಿಲ್ಲ, ಹೋಲಿಸಿ ನೋಡಲು ತನ್ನ ಬಳಿ ಮೊದಲೇ ಓದಿದ್ದಿತ್ತು ಎಂದು ಅಲ್ಲಿ ಹೇಳಿಕೊಂಡಿದ್ದಾರೆ. ಅರವತ್ತೈದನೇ ವಯಸ್ಸಿನಲ್ಲೂ ಮರೆಯಲಾಗದ ಓದು ಅದು.

ಇಷ್ಟನ್ನೂ ಊಟದ ಹೊತ್ತಿಗೆ ಮನೆಯವರಿಗೆ ಹೇಳಿದೆ. ಪುಸ್ತಕ ಇರಲಿ, ಪ್ರಶ್ನೆಯೂ ಇರಲಿ, ಪಕ್ಕದಲ್ಲಿ ಇನ್ನೊಂದು ಪುಸ್ತಕವೂ ಇರಲಿ ಅಂತ ಅಷ್ಟೇ ನನ್ನ ಅಭಿಪ್ರಾಯ. ಮಗು ಪ್ರಶ್ನೆ ಕೇಳದ ಹಾಗೆ ಓದಿಸಿದರೆ ವಿಜ್ಞಾನದ ಪುಸ್ತಕವೂ ಬಾಯಿಪಾಠವೇ. ಅದು ಬಿಇ ಓದುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಭಾವ ನಕ್ಕರು. ಅಜ್ಜಿ ಏನೂ ಹೇಳಲಿಲ್ಲ.

ಎರಡು ದಿನದ ನಂತರ ಅಜ್ಜಿ ಹುಡುಗನನ್ನು ಕರೆದರು. ದ್ರೋಣ ಮಾಡಿದ್ದು ತಪ್ಪು ಕಣೋ ಎಂದರು. ತಾನು ಸಣ್ಣವಳಿದ್ದಾಗ ಏಕಲವ್ಯನ ಕಥೆ ಕೇಳಿ ಅತ್ತಿದ್ದೆ, ಯಾಕೆ ಅಂತ ಕೇಳಿದ್ದಕ್ಕೆ ಅಪ್ಪ ಬೈದಿದ್ದರು ಎಂದೂ ಹೇಳಿದರು. ಎಷ್ಟೋ ವರ್ಷದಿಂದ ಆ ಪ್ರಶ್ನೆಯನ್ನು ಅಜ್ಜಿ ಒಬ್ಬರೇ ಇಟ್ಟುಕೊಂಡಿದ್ದರು. ಹುಡುಗ ಪುಸ್ತಕ ತೆಗೆದುಕೊಂಡು ಬಂದು, ಬಿಟ್ಟ ಪುಟದಿಂದ ಓದತೊಡಗಿದ.