ಚಮ್ಮಾವುಗೆಯ ಶರಣ ಹರಳಯ್ಯ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯ ಮಳೆ ಕಡಮೆಯಾದ ಬಯಲುಸೀಮೆ. ಕಲ್ಲು, ಕುರುಚಲು, ಜಾಲಿಮುಳ್ಳುಗಳ ನಡುವೆ ಕುರಿಯ ಹಿಂಡಿನೊಡನೆ ದಿನವೆಲ್ಲ ನಡೆಯುವವನಿಗೆ ಗಟ್ಟಿಯಾದ ಮೆಟ್ಟು ಹೆಗಲ ಕಂಬಳಿಯಷ್ಟೇ ಅವಶ್ಯಕ. ಹಿಂದೆ ಮೆಟ್ಟಿನ ಅಟ್ಟೆ ಸವೆದರೆ ಅದನ್ನು ಬಿಸುಡುತ್ತಿರಲಿಲ್ಲ. ಹೊಸ ಅಟ್ಟೆ ಹಚ್ಚಿಸಿ ಮತ್ತೆ ಮೆಟ್ಟುತ್ತಿದ್ದರು. ಅಮೆರಿಕದ ದುಡಿಮೆಗಾರರ ಬೂಟುಗಳಲ್ಲಿಯೂ ಇದೇ ಜಾಣ್ಮೆಯನ್ನು ಕಾಣಬಹುದು. ಮೇಲಿನ ತೊಗಲಿಗೂ ಅಟ್ಟೆಗೂ ನಡುವೆ ಚರ್ಮದ ಪಟ್ಟಿಯೊಂದನ್ನು ಹೊಲಿದಿರುವುದರಿಂದ, ಮೇಲ್ಭಾಗ ಕೆಡದಂತೆ ಅಟ್ಟೆಯನ್ನು ಬದಲಿಸಲು ಸಾಧ್ಯವಾಗುತ್ತದೆ. ಎಲ್ಲರ ಕಾಲನ್ನೂ ಕಾಯ್ದ ಈ ಕಸುಬಿನವರಿಗೆ ನಮ್ಮ ನಾಡು ಕೊಟ್ಟದ್ದು ಮಾತ್ರ ಊರ ಹೊರಗಿನ ವಾಸ. ಅವರಲ್ಲಿ ಅನೇಕ ಮನೆತನಗಳು ಇಂದಿಗೂ ತಮ್ಮ ಹಿರಿಯರೆಂದು ನೆನೆಯುವುದು 12ನೆಯ ಶತಮಾನದ ಶರಣ ಹರಳಯ್ಯನವರನ್ನು.

ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ಕಲ್ಯಾಣದಲ್ಲಿ, ಎಂದರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಪಾದರಕ್ಷೆ ಹೊಲಿದು ಬಾಳುತ್ತಿದ್ದರು. ಅದು ಸುಲಭದ ಕೆಲಸವಲ್ಲ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿಯಂತಹ ಗಿಡದ ತೊಗಟೆಯ ರಸದಲ್ಲಿ ಅನೇಕ ದಿನ ಇಟ್ಟು ಹದಗೊಳಿಸಬೇಕು. ಆಮೇಲೆ ರಂಪಿಗೆ, ಉಳಿಗಳ ಕೆಲಸ. ಅದರ ನಾತಕ್ಕೆ ಮೂಗು ಮುಚ್ಚಿಕೊಂಡವರೇ ಅದರ ಫಲವನ್ನು ಮೆಟ್ಟಿ ನಡೆಯುತ್ತಿದ್ದರು! ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಡುವೆ ಮಾತ್ರ ಈ ದಂಪತಿಗಳಿಗೆ ಸಮಾನ ಸ್ಥಾನ ದೊರೆಯಿತು.

ಒಂದು ದಿನ ಹರಳಯ್ಯನವರು ಬೀದಿಯಲ್ಲಿ ಬಸವಣ್ಣನವರಿಗೆ ವಂದಿಸಿದರು. ಬಿಜ್ಜಳನ ಭಂಡಾರದ ಅಧಿಕಾರಿಯಾಗಿದ್ದ ಬಸವಣ್ಣನವರು ಒಂದು ವಂದನೆಗೆ ಪ್ರತಿಯಾಗಿ ಎರಡು ವಂದನೆಗಳನ್ನು ಸಲ್ಲಿಸಿದರು. ಆ ಹೆಚ್ಚಿನ ವಂದನೆ ಹರಳಯ್ಯನವರ ಪಾಲಿಗೆ ತೀರಿಸಲೇಬೇಕಾದ ಋಣವಾಯಿತು. ದಂಪತಿಗಳು ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಹೊಲಿದು ತಂದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಪ್ಪದೆ ತಲೆಯ ಮೇಲೆ ಹೊತ್ತುಕೊಂಡರೆಂದೂ ಪರಂಪರೆ ಹೇಳುತ್ತದೆ. ಇದನ್ನು ಅಕ್ಷರಶಃ ನಂಬಬೇಕೆ ಎಂದು ಕೆಲವರು ಕೇಳಬಹುದು. ಹರಳಯ್ಯನವರು ಕಾಣಿಕೆಗಾಗಿ ಹೊನ್ನನ್ನು ಅರಸಿ ಹೋಗಲಿಲ್ಲ, ಲೋಕ ಹಳಿದ ತಮ್ಮ ಕಸುಬನ್ನೇ ನೆಚ್ಚಿದರು ಎಂಬುದು ನನಗೆ ಅದಕ್ಕಿಂತ ದೊಡ್ಡದಾಗಿ ತೋರುತ್ತದೆ.

ಬೀದಿಯ ವಂದನೆಯನ್ನು ಕಲ್ಯಾಣದ ಸಂಪ್ರದಾಯಸ್ಥರು ಹೇಗೋ ಸಹಿಸಿದರು. ನೆಂಟಸ್ತಿಕೆಯನ್ನು ಸಹಿಸಲಿಲ್ಲ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣರಾಗಿದ್ದ ಮಂತ್ರಿ ಮಧುವರಸರು ತಮ್ಮ ಮಗಳು ಲಾವಣ್ಯಳನ್ನು ಹರಳಯ್ಯನವರ ಮಗ ಶೀಲವಂತನಿಗೆ ಕೊಟ್ಟು ಮದುವೆ ಮಾಡಲು ಒಪ್ಪಿದರು. ಜಾತಿಯನ್ನು ತೊರೆದ ಇಬ್ಬರು ಶರಣರ ಮಕ್ಕಳ ಮದುವೆ ಇದು ಎಂಬುದು ಅವರ ನಿಲುವು. ವರ್ಣಸಂಕರವಾಯಿತೆಂಬ ದೂರು ಅರಮನೆಗೆ ಮುಟ್ಟಿತು. 1162ರಲ್ಲಿ ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡಿದ್ದ ಬಿಜ್ಜಳನಿಗೆ ಸಂಪ್ರದಾಯಸ್ಥರ ಬೆಂಬಲ ಬೇಕಾಗಿತ್ತು. ಹರಳಯ್ಯನವರಿಗೂ ಮಧುವರಸರಿಗೂ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು. ಬದುಕಿನಲ್ಲಿ ಬೀಗರಾದವರು ಸಾವಿನಲ್ಲಿಯೂ ಜೊತೆಯಾದರು.

ಕಲ್ಯಾಣ ಹೊತ್ತಿ ಉರಿಯಿತು. 1167ರ ಸುಮಾರಿನಲ್ಲಿ ಬಿಜ್ಜಳನ ಕೊಲೆಯಾಯಿತು. ಶರಣರು ಚದುರಿದರು, ಚೆನ್ನಬಸವಣ್ಣನವರೊಡನೆ ಕೆಲವರು ಉತ್ತರ ಕನ್ನಡದ ಉಳವಿಯ ಕಾಡನ್ನು ಸೇರಿದರು. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿ ಎಂದು ಕರೆಯುವ ಸ್ಥಳವನ್ನು ಜನರು ಇಂದಿಗೂ ಸಂದರ್ಶಿಸುತ್ತಾರೆ. ಒಳಗೆ ಹೋಗುವವರು ತಮ್ಮ ಪಾದರಕ್ಷೆಗಳನ್ನು ಹೊರಗೆ ಬಿಡುತ್ತಾರೆ.