ಅಂಟೋನಿ ಲೇವೆನ್‌ಹುಕ್

ತುಂಗೆಯ ತೀರದ ಶಿವಮೊಗ್ಗೆಯಲ್ಲಾಗಲಿ, ಭದ್ರೆಯ ತೀರದ ಭದ್ರಾವತಿಯಲ್ಲಾಗಲಿ, ನೀರನ್ನು ಕುದಿಸಿ ಆರಿಸಿ ಮಕ್ಕಳಿಗೆ ಕೊಡುವ ತಾಯಂದಿರು ಅನೇಕರು. ತಿಳಿಯಾಗಿ ತೋರುವ ನೀರಿನಲ್ಲಿಯೂ ಕಣ್ಣಿಗೆ ಕಾಣದ ಜೀವಿಗಳಿರಬಹುದೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಆದರೆ ಈ ಅರಿವಿಗೆ ಬಾಗಿಲನ್ನು ತೆರೆದವನು ಮಹಾಪಂಡಿತನಲ್ಲ, ಒಬ್ಬ ಬಟ್ಟೆಯ ವ್ಯಾಪಾರಿ.

ಅಂಟೋನಿ ಲೇವೆನ್‌ಹುಕ್ ಎಂಬಾತನು 1632ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ ಜನಿಸಿದನು. ತಂದೆ ಬುಟ್ಟಿ ಹೆಣೆಯುವ ಕಸುಬಿನವನು. ಆತನು ಮಗನ ಬಾಲ್ಯದಲ್ಲಿಯೇ ತೀರಿಕೊಂಡನು. ಹುಡುಗನು ಹದಿನಾರರ ಪ್ರಾಯದಲ್ಲಿ ಆಮ್‌ಸ್ಟರ್‌ಡಾಮಿನ ಬಟ್ಟೆಯಂಗಡಿಯೊಂದರಲ್ಲಿ ಕೆಲಸ ಕಲಿತು, 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿಯನ್ನು ತೆರೆದನು. ಲ್ಯಾಟಿನ್ ಭಾಷೆಯನ್ನು ಆತನು ಕಲಿತಿರಲಿಲ್ಲ. ಬಲ್ಲದ್ದು ತಾಯ್ನುಡಿಯಾದ ಡಚ್ಚು ಒಂದೇ. ಐವರು ಮಕ್ಕಳಲ್ಲಿ ಉಳಿದವಳು ಮರಿಯ ಎಂಬ ಮಗಳೊಬ್ಬಳು.

ನೂಲಿನ ಗುಣವನ್ನು ಮಸೂರದಿಂದ ಪರೀಕ್ಷಿಸುವುದು ಬಟ್ಟೆ ವ್ಯಾಪಾರಿಗಳ ವಾಡಿಕೆ. ಲೇವೆನ್‌ಹುಕನು ತಾನೇ ಸಣ್ಣ ಮಸೂರಗಳನ್ನು ಮಾಡಲು ತೊಡಗಿ, ವಸ್ತುಗಳನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುವಷ್ಟು ಕೌಶಲವನ್ನು ಪಡೆದನು. 1673ರಿಂದ ತಾನು ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸುತ್ತ ಬಂದನು. ನೀರಿನ ಹನಿಯಲ್ಲಿ ಜೀವಿಗಳು ಚಲಿಸುತ್ತವೆಂದು 1676ರಲ್ಲಿ ಬರೆದಾಗ ವಿದ್ವಾಂಸರು ಸಂದೇಹಪಟ್ಟರು. ಆತನು ಮುನಿಯದೆ, ಆ ಜೀವಿಗಳನ್ನು ಕಣ್ಣಾರೆ ಕಂಡ ಎಂಟು ಮಂದಿ ಗೌರವಸ್ಥರ ಸಾಕ್ಷ್ಯಪತ್ರಗಳನ್ನು ಕಳುಹಿಸಿದನು. ಅವರಲ್ಲಿ ಸಭಾಪಾಲಕರೂ ಇದ್ದರು. 1677ರಲ್ಲಿ ರಾಬರ್ಟ್ ಹುಕ್ ಎಂಬ ವಿದ್ವಾಂಸನು ಸ್ವತಃ ನೋಡಿ ನಿಜವೆಂದು ಒಪ್ಪಿದನು. 1680ರಲ್ಲಿ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು.

1681ರಲ್ಲಿ ತನಗೆ ಭೇದಿಯಾದಾಗ, ಆತನು ಅಸಹ್ಯಪಡದೆ ತನ್ನ ಮಲವನ್ನೇ ಮಸೂರದ ಮುಂದಿಟ್ಟು ನೋಡಿದನು. ಚಪ್ಪಟೆಯಾದ ಹೊಟ್ಟೆಯುಳ್ಳ, ಸಣ್ಣ ಕಾಲುಗಳಂತಹವನ್ನು ಆಡಿಸುತ್ತಿದ್ದ ಜೀವಿಗಳು ಕಂಡವು. ಅವು ಇಂದು ಜಿಯಾರ್ಡಿಯ ಎಂದು ಕರೆಯುವ ಏಕಕೋಶಜೀವಿಗಳೆಂದು ಪಂಡಿತರು ತಿಳಿಯುತ್ತಾರೆ. 1859ರಲ್ಲಿ ಪ್ರಾಗ್ ನಗರದ ವೈದ್ಯನಾದ ಲ್ಯಾಂಬ್ಲನು ಅವನ್ನು ಮತ್ತೆ ಕಂಡು ವರ್ಣಿಸಿದನು.

ಮಸೂರಕ್ಕೆ ಒಂದೇ ಬಗೆಯಾಗಿ ಕಾಣುವ ಈ ಜೀವಿಗಳಲ್ಲಿ ಎಂಟು ಪಂಗಡಗಳುಂಟೆಂದು ವಂಶವಾಹಿಗಳ ಪರೀಕ್ಷೆಯಿಂದ ಈಗ ತಿಳಿದಿದೆ. ಅವುಗಳಲ್ಲಿ ಎರಡು ಪಂಗಡಗಳು ಮನುಷ್ಯರಿಗೂ ಅನೇಕ ಪ್ರಾಣಿಗಳಿಗೂ ತಗಲುತ್ತವೆ. ಒಂದು ಹೆಚ್ಚಾಗಿ ದನ, ಕುರಿ, ಆಡುಗಳಿಗೆ, ಎರಡು ನಾಯಿಗಳಿಗೆ. ಉಸಿರಾಟಕ್ಕೆ ನೆರವಾಗುವ ಮೈಟೋಕಾಂಡ್ರಿಯವು ಜಿಯಾರ್ಡಿಯದಲ್ಲಿ ಕಾಣದ ಕಾರಣ, ಇದು ಅತಿ ಪುರಾತನವಾದ ಜೀವಿಯೆಂದು ಕೆಲವರು ಎಣಿಸಿದ್ದರು. 2003ರಲ್ಲಿ ಆ ಅಂಗದ ಕುಗ್ಗಿದ ಅವಶೇಷವು ಅದರಲ್ಲಿ ಕಂಡುಬಂದಿತು. ಅಂದರೆ ಅದಕ್ಕೆ ಆ ಅಂಗವು ಎಂದೂ ಇರಲಿಲ್ಲವೆಂಬ ಮಾತು ಸುಳ್ಳಾಯಿತು, ಇದ್ದುದು ಕ್ಷೀಣಿಸಿತ್ತು.

ಲೇವೆನ್‌ಹುಕನಲ್ಲಿ ಒಂದು ಕೊರತೆಯೂ ಇದ್ದಿತು. ತನ್ನ ಉತ್ತಮ ಮಸೂರಗಳ ಮರ್ಮವನ್ನು ಆತನು ಯಾರಿಗೂ ಕಲಿಸಲಿಲ್ಲ. ಆದುದರಿಂದ ಆ ವಿದ್ಯೆ ಆತನೊಡನೆಯೇ ಮುಗಿಯಿತು. 1723ರ ಆಗಸ್ಟ್ 26ರಂದು, ತೊಂಬತ್ತು ವರ್ಷ ತುಂಬಿದ ಆತನು ದೈವಾಧೀನನಾದನು. ಅವಿವಾಹಿತಳಾಗಿ ತಂದೆಯ ಮನೆಯನ್ನು ನಡೆಸುತ್ತಿದ್ದ ಮರಿಯಳು, ಆತನ ಇಚ್ಛೆಯಂತೆ 26 ಸೂಕ್ಷ್ಮದರ್ಶಕಗಳನ್ನು ಲಂಡನ್ನಿಗೆ ಕಳುಹಿಸಿ, ಊರಿನ ಹಳೆಯ ದೇವಾಲಯದಲ್ಲಿ ಸ್ಮಾರಕವನ್ನು ನಿಲ್ಲಿಸಿದಳು. ಐವತ್ತು ವರ್ಷಗಳ ಆ ಶ್ರಮದ ಹಿಂದೆ ಈ ಮಗಳ ಮೌನಸೇವೆಯೂ ಇದ್ದಿತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಮರೆಯಬಾರದು.

ಸೃಷ್ಟಿಕರ್ತನ ಕೆಲಸದಲ್ಲಿ ನೋಡಲು ತಕ್ಕುದಲ್ಲದ ಅಲ್ಪವಸ್ತು ಯಾವುದೂ ಇಲ್ಲವೆಂದು ಆತನ ಬಾಳು ನಮಗೆ ತಿಳಿಸುತ್ತದೆ. ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವಿದ್ದರೆ, ಪದವಿಯಿಲ್ಲದವರೂ ಲೋಕಕ್ಕೆ ಉಪಕಾರ ಮಾಡಬಲ್ಲರು. ಇಂದು ಸಂಜೆ ನಮ್ಮ ಒಲೆಯ ಮೇಲೆ ನೀರು ಕುದಿಯುವಾಗ, ಡೆಲ್ಫ್ಟಿನ ಆ ವ್ಯಾಪಾರಿಯನ್ನು ಒಂದು ಗಳಿಗೆ ನೆನೆಯೋಣ.