ಗಳಗಂಡದ ಗುಟ್ಟು ಅರಸಿದ ಮೆಕ್ಯಾರಿಸನ್

ಬೆಳಗಾಗೆದ್ದು ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ನುಂಗಿ ದಿನಚರಿ ಆರಂಭಿಸುವವರು ಬೆಂಗಳೂರಿನಲ್ಲಷ್ಟೇ ಅಲ್ಲ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿಯೂ ಇದ್ದಾರೆ. ರಕ್ತಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಪ್ರಮಾಣ ತಿಳಿಯುತ್ತದೆ. ಇಂತಹ ಯಾವ ಸೌಕರ್ಯವೂ ಇಲ್ಲದ ಕಾಲದಲ್ಲಿ ಈ ಗ್ರಂಥಿಯ ರೋಗಗಳನ್ನು ಭಾರತದಲ್ಲಿ ದಶಕಗಳ ಕಾಲ ಅಭ್ಯಸಿಸಿದ ವೈದ್ಯರೆಂದರೆ ಸರ್ ರಾಬರ್ಟ್ ಮೆಕ್ಯಾರಿಸನ್.

1878ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಅವರು ಬೆಲ್‌ಫಾಸ್ಟ್‌ನಲ್ಲಿ ವೈದ್ಯಶಿಕ್ಷಣ ಮುಗಿಸಿ 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಮೊದಲು ಚಿತ್ರಾಲ್, ಅನಂತರ ಗಿಲ್ಗಿಟ್. ಹಿಮಾಲಯದ ಆ ಕಣಿವೆಗಳಲ್ಲಿ ಗಂಟಲು ಊದಿದವರು ಮನೆಮನೆಯಲ್ಲಿಯೂ ಕಾಣಸಿಗುತ್ತಿದ್ದರು. ಗಳಗಂಡದ ತಾಯಂದಿರಿಗೆ ಕಿವುಡು, ಮೂಗು, ಬುದ್ಧಿಮಾಂದ್ಯದ ಮಕ್ಕಳು ಹುಟ್ಟುತ್ತಿದ್ದವು. ಈ ಮಕ್ಕಳಲ್ಲಿ ಎರಡು ಬಗೆಯುಂಟೆಂದು, ಒಂದರಲ್ಲಿ ನರಮಂಡಲದ ದೋಷವೂ ಇನ್ನೊಂದರಲ್ಲಿ ಗ್ರಂಥಿಯ ಕೊರತೆಯ ಲಕ್ಷಣಗಳೂ ಮುಖ್ಯವೆಂದು 1908ರಲ್ಲಿ ಅವರು ತೋರಿಸಿಕೊಟ್ಟರು. ಆ ವಿಂಗಡಣೆ ಇಂದಿಗೂ ಉಳಿದಿದೆ.

ಗಿಲ್ಗಿಟ್‌ನಲ್ಲಿ ಒಂದೇ ಕಾಲುವೆಯ ನೀರು ಸಾಲಾಗಿ ಹಲವು ಹಳ್ಳಿಗಳನ್ನು ಹಾದುಹೋಗುತ್ತಿತ್ತು. ಮೇಲಿನ ಹಳ್ಳಿಯ ಹೊಲಸು ಕೆಳಗಿನವರ ಕುಡಿಯುವ ನೀರಿಗೆ ಸೇರುತ್ತಿತ್ತು. ಕೆಳಕೆಳಗೆ ಹೋದಂತೆ ಗಳಗಂಡ ಹೆಚ್ಚುತ್ತ ಹೋಗುವುದನ್ನು ಮೆಕ್ಯಾರಿಸನ್ ಎಣಿಸಿ ದಾಖಲಿಸಿದರು. ಅಷ್ಟಕ್ಕೆ ನಿಲ್ಲಲಿಲ್ಲ. ಆ ನೀರಿನಲ್ಲಿ ತೇಲುವ ಕಶ್ಮಲವನ್ನು ಸೋಸಿ ತೆಗೆದು, ಸ್ವಯಂಸೇವಕರೊಂದಿಗೆ ತಾವೂ ದಿನವೂ ಕುಡಿದರು. ಕೆಲವರ ಕುತ್ತಿಗೆ ಊದಿತು, ಅವರದೂ ಊದಿತು. ಅದೇ ಕಶ್ಮಲವನ್ನು ಕುದಿಸಿ ಕುಡಿದವರಿಗೆ ಏನೂ ಆಗಲಿಲ್ಲ. ಇಂದಿನ ಯಾವ ನೈತಿಕ ಸಮಿತಿಯೂ ಇಂತಹ ಪ್ರಯೋಗಕ್ಕೆ ಒಪ್ಪಿಗೆ ಕೊಡಲಾರದು.

ಪ್ರಯೋಗದಿಂದ ಅವರು ತೆಗೆದ ತೀರ್ಮಾನ ಮಾತ್ರ ಎಡವಿತು. ಗಳಗಂಡಕ್ಕೆ ನೀರಿನಲ್ಲಿರುವ ಜೀವಾಣುವೇ ಕಾರಣವೆಂದು ಅವರು ಬಹುಕಾಲ ನಂಬಿದರು. ಥೈರಾಯಿಡ್‌ನಲ್ಲಿ ಅಯೋಡಿನ್ ಇದೆಯೆಂದು ಜರ್ಮನಿಯ ಬೌಮನ್ 1895ರಲ್ಲಿಯೇ ಕಂಡುಹಿಡಿದಿದ್ದರೂ, ಅದರ ಕೊರತೆಯೊಂದೇ ಕಾರಣವೆಂಬ ವಾದಕ್ಕೆ ಮೆಕ್ಯಾರಿಸನ್ ಸುಲಭವಾಗಿ ತಲೆದೂಗಲಿಲ್ಲ.

ಗ್ರಂಥಿಯ ಕೆಲಸ ತಿಳಿದರೆ ಈ ಜಗಳ ಅರ್ಥವಾಗುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿರುವ ಥೈರಾಯಿಡ್ ರಕ್ತದಿಂದ ಅಯೋಡಿನ್ ಹೀರಿಕೊಂಡು ಟಿ4, ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಹೃದಯದ ಬಡಿತ, ಮೈಯ ಬಿಸುಪು, ಶಿಶುವಿನ ಮೆದುಳಿನ ಬೆಳವಣಿಗೆ ಇವುಗಳನ್ನು ಅವಲಂಬಿಸಿವೆ. ಹಾರ್ಮೋನು ಕಡಿಮೆಯಾದರೆ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಸುರಿಸಿ ದುಡಿಮೆ ಹೆಚ್ಚಿಸುವಂತೆ ಒತ್ತಾಯಿಸುತ್ತದೆ. ಅಯೋಡಿನ್ ಸಿಗದೆ ದುಡಿಯುವ ಗ್ರಂಥಿ ಊದಿಕೊಳ್ಳುತ್ತದೆ, ಅದೇ ಗಳಗಂಡ. ಹಾರ್ಮೋನಿನ ಕೊರತೆಯಲ್ಲಿ ಆಯಾಸ, ಮೈತೂಕ, ಮಲಬದ್ಧತೆ, ಚಳಿ ತಾಳದಿರುವಿಕೆ. ಹೆಚ್ಚಳದಲ್ಲಿ ಎದೆಬಡಿತ, ಕೈನಡುಕ, ತೂಕ ಇಳಿಕೆ. ಇಂದು ನಗರಗಳಲ್ಲಿ ಕಾಣುವ ಕೊರತೆಗೆ ಬಹುಪಾಲು ಹಶಿಮೋಟೊ ರೋಗ, ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ಎರಗುವುದು ಕಾರಣ. ಪುರುಷರಿಗಿಂತ ಮಹಿಳೆಯರನ್ನೇ ಅದು ಹೆಚ್ಚಾಗಿ ಕಾಡುತ್ತದೆ.

ಮೆಕ್ಯಾರಿಸನ್ 1917ರಲ್ಲಿ ಥೈರಾಯಿಡ್ ಕುರಿತ ಗ್ರಂಥ ಪ್ರಕಟಿಸಿದರು. ಮರುವರ್ಷ ನಮ್ಮ ಗಡಿಗೆ ಹೊಂದಿದ ನೀಲಗಿರಿಯ ಕೂನೂರಿನಲ್ಲಿ ಸಂಶೋಧನೆ ಆರಂಭಿಸಿದರು. ಸರ್ಕಾರದ ಮಿತವ್ಯಯದಿಂದ ಕೆಲಸ ಎರಡು ವರ್ಷ ನಿಂತಿದ್ದೂ ಉಂಟು. ಪ್ರಾಂತ್ಯವಾರು ಆಹಾರಗಳನ್ನು ಇಲಿಗಳಿಗೆ ತಿನ್ನಿಸಿ ನೋಡಿದ ಪ್ರಯೋಗ ಅಲ್ಲಿಯದೇ. ಸಿಖ್ಖರ ಗೋಧಿ, ಹಾಲು, ಬೇಳೆ, ತರಕಾರಿಯ ಊಟ ಉಂಡವು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಮದರಾಸಿನ ಅನ್ನಪ್ರಧಾನ ಊಟ ಉಂಡವು ಕೊನೆಯವು. ಕನ್ನಡಿಗರ ಊಟದ ಇಲಿಗಳು ನಡುವಿಗಿಂತ ಕೆಳಗೆ ನಿಂತವು. ಕನ್ನಡಿಗರ ಊಟವೆಂದರೆ ಯಾವ ಸೀಮೆಯದು ಎಂದು ರಾಗಿಮುದ್ದೆಯ ದೇವನಹಳ್ಳಿ ಕಡೆಯವರು ಕೇಳಬಹುದು.

ಮೈಸೂರು ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕ ಕೆ.ಬಿ. ಮಾಧವ ಅವರೊಂದಿಗೆ ಸೇರಿ 1932ರಲ್ಲಿ ಥೈರಾಯಿಡ್ ಕುರಿತು ಮತ್ತೊಂದು ಮಹತ್ವದ ಪ್ರಬಂಧ ಹೊರತಂದರು. ಎಲೆಕೋಸು, ಸೋಯಾ, ಕಡಲೆಕಾಯಿಗಳನ್ನೇ ಹೆಚ್ಚಾಗಿ ತಿನ್ನಿಸಿದರೆ ಪ್ರಾಣಿಗಳ ಗ್ರಂಥಿ ಊದುವುದನ್ನೂ ಗುರುತಿಸಿದರು. ಗಳಗಂಡಕ್ಕೆ ಅಯೋಡಿನ್ ಕೊರತೆಯ ಜೊತೆಗೆ ಆಹಾರ, ನೈರ್ಮಲ್ಯಗಳೂ ಸೇರುತ್ತವೆಂಬ ಅವರ ಹಟದಲ್ಲಿ ಅರ್ಧ ಸತ್ಯವಿತ್ತು. 1933ರಲ್ಲಿ ಸರ್ ಪದವಿ ಬಂತು, 1935ರಲ್ಲಿ ನಿವೃತ್ತರಾಗಿ ಆಕ್ಸ್‌ಫರ್ಡ್‌ನಲ್ಲಿ ನೆಲೆಸಿದರು.

ಉಳಿದರ್ಧ ಸತ್ಯವನ್ನು ಸಾಬೀತುಪಡಿಸಿದವರು ಅದೇ ಕೂನೂರಿನ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದ ಆಂಧ್ರದ ಡಾ. ವಿ. ರಾಮಲಿಂಗಸ್ವಾಮಿ. 1956ರಲ್ಲಿ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆತ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಅವರ ತಂಡ ಪೂರೈಸಿತು. ಅಯೋಡಿನ್ ಉಪ್ಪು ತಿಂದ ಕಡೆ ಮಕ್ಕಳ ಗಳಗಂಡ ಇಳಿಯಿತು. ಆ ಪರೀಕ್ಷೆ ನಡೆಯುತ್ತಿರುವಾಗಲೇ, 1960ರ ಮೇ ತಿಂಗಳಲ್ಲಿ, ಮೆಕ್ಯಾರಿಸನ್ ಕಣ್ಮುಚ್ಚಿದರು. 1962ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದರ ಮೇಲಿನ ನಿಷೇಧ 2000ದಲ್ಲಿ ತೆರವಾಗಿ 2006ರಲ್ಲಿ ಮರಳಿ ಜಾರಿಗೆ ಬಂತು.